ಮಂಡಿಚಿಪ್ಪು ಒಡೆದರೆ: ಬಿದ್ದ ಗಳಿಗೆಯಿಂದ ಮತ್ತೆ ಮೆಟ್ಟಿಲು ಹತ್ತುವವರೆಗೆ

ಮಂಡಿಚಿಪ್ಪಿನ ಆಪರೇಷನ್ ಯಾಕೆ ಮಾಡುತ್ತಾರೆ ಎಂದು ಕೇಳಿ ನೋಡಿ. ಒಡೆದ ಎಲುಬು ಕೂಡಬೇಕಲ್ವಾ, ಅದಕ್ಕೆ ಎನ್ನುತ್ತಾರೆ. ಅದು ಅರ್ಧ ಉತ್ತರ. ಎಲುಬು ಪೂರ್ತಿ ಕೂಡುವ ಮೊದಲೇ ಮಂಡಿ ಮಡಚಲು ಶುರು ಮಾಡಬೇಕು, ಅದಕ್ಕೆ ತಡೆದುಕೊಳ್ಳಲಿ ಎಂದೇ ತಂತಿ, ಸ್ಕ್ರೂ ಹಾಕಿ ಬಿಗಿ ಮಾಡುತ್ತಾರೆ. ಈ ಉಳಿದ ಅರ್ಧ ಆಸ್ಪತ್ರೆಯಿಂದ ಮನೆ ತಲುಪುವಷ್ಟರಲ್ಲಿ ಕಳೆದುಹೋಗುತ್ತದೆ. ಮನೆಯವರು ಪ್ರೀತಿಯಿಂದಲೇ "ಕಾಲು ಅಲ್ಲಾಡಿಸಬೇಡ, ಸುಮ್ನೆ ಮಲಗು" ಅನ್ನುತ್ತಾರೆ. ಎರಡು ತಿಂಗಳಾದ ಮೇಲೆ ಎಕ್ಸ್‌ರೇಯಲ್ಲಿ ಎಲುಬು ಚೆಂದ ಕೂಡಿರುತ್ತದೆ, ಮಂಡಿ ಮಾತ್ರ ಮಡಚುವುದಿಲ್ಲ. ನಮ್ಮ ಉತ್ತರ ಕನ್ನಡದ ಸಿರಸಿ, ಕುಮಟಾ, ಅಂಕೋಲಾ ಕಡೆಯಿಂದ ಫಿಸಿಯೋಥೆರಪಿಗೆ ಬರುವವರಲ್ಲಿ ಇಂಥವರನ್ನು ನೋಡುವಾಗಲೆಲ್ಲ ಮನಸ್ಸಿಗೆ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಇಲ್ಲಿ ಕೊಟ್ಟ ವಾರ, ಡಿಗ್ರಿಗಳೆಲ್ಲ ಸಾಮಾನ್ಯ ಲೆಕ್ಕ. ನಿಮ್ಮ ಎಲುಬು ಎಷ್ಟು ಚೂರಾಗಿತ್ತು, ಜೋಡಣೆ ಎಷ್ಟು ಗಟ್ಟಿಯಾಗಿದೆ ಎಂದು ಗೊತ್ತಿರುವುದು ಆಪರೇಷನ್ ಮಾಡಿದ ಡಾಕ್ಟರಿಗೆ. ಅವರು ಬೇರೆ ಲೆಕ್ಕ ಕೊಟ್ಟರೆ ಅದೇ ನಡೆಯಬೇಕು.

ಚಿಪ್ಪು ಮಾಡುವ ಕೆಲಸ

ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕೆಳಗೆ ಬಂದು ಚಿಪ್ಪನ್ನು ಹಿಡಿದುಕೊಳ್ಳುತ್ತದೆ. ಚಿಪ್ಪಿನ ಕೆಳತುದಿಯಿಂದ ಇನ್ನೊಂದು ದಪ್ಪ ಪಟ್ಟಿ ಹೊರಟು ಮಂಡಿಯ ಕೆಳಗಿನ ಕಾಲಿನ ಎಲುಬಿಗೆ ಅಂಟುತ್ತದೆ. ಸ್ನಾಯು ಎಳೆದಾಗ ಕಾಲು ನೆಟ್ಟಗಾಗುತ್ತದೆ. ಬಾವಿಯ ಹಗ್ಗಕ್ಕೆ ರಾಟೆ ಇದ್ದರೆ ನೀರು ಸೇದುವುದು ಸಲೀಸು, ಇಲ್ಲಿ ಚಿಪ್ಪು ಮಾಡುವುದು ಅದೇ ಕೆಲಸ. ಎಳೆತದ ಬಲವನ್ನು ಅದು ಹೆಚ್ಚಿಸಿಕೊಡುತ್ತದೆ. ಅದರ ಒಳಮೈಗೆ ಕಾರ್ಟಿಲೇಜಿನ ಪದರ ಇದೆ. ದೇಹದ ಕೀಲುಗಳಲ್ಲೇ ಅತಿ ದಪ್ಪನೆಯ ಕಾರ್ಟಿಲೇಜ್ ಇದು. ಅಷ್ಟು ದಪ್ಪ ಬೇಕು ಕೂಡ. ಮೆಟ್ಟಿಲು ಹತ್ತುವಾಗ ಚಿಪ್ಪಿನ ಹಿಂದೆ ಮೈತೂಕದ ಮೂರು ಪಟ್ಟಿನಷ್ಟು ಒತ್ತಡ ಬೀಳುತ್ತದೆ. ಕುಕ್ಕರಗಾಲಲ್ಲಿ ಕೂತರೆ ಅದು ಏಳು ಪಟ್ಟಿಗೂ ಹೋಗುತ್ತದೆ.

1937ರಲ್ಲಿ ಬ್ರೂಕ್ ಎಂಬ ಇಂಗ್ಲಿಷ್ ಸರ್ಜನ್ ಈ ಚಿಪ್ಪಿನಿಂದ ಏನೂ ಉಪಯೋಗವಿಲ್ಲ, ಒಡೆದರೆ ತೆಗೆದೇ ಹಾಕಬಹುದು ಎಂದು ವಾದಿಸಿದರು. ಬಹಳ ಕಡೆ ಹಾಗೆ ಮಾಡಿದರು ಕೂಡ. ಆಮೇಲೆ ತೊಡೆಯ ಬಲ ಕುಗ್ಗುವುದು, ಇಳಿಜಾರಿನಲ್ಲಿ ಕಾಲು ಸೋಲುವುದು ಕಂಡಿತು. ಈಗ ಚಿಪ್ಪನ್ನು ಪೂರ್ತಿ ತೆಗೆಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಉಳಿಸಿಕೊಳ್ಳಲು ಆಗುವಷ್ಟನ್ನು ಉಳಿಸಿಕೊಳ್ಳಬೇಕು ಎಂಬುದರ ಮೇಲೇ ಇಂದಿನ ಚಿಕಿತ್ಸೆ ನಿಂತಿದೆ.

ಹಂತ 1: ಬಿದ್ದ ಕೂಡಲೇ

ನಮ್ಮ ಕಡೆ ಚಿಪ್ಪು ಒಡೆಯುವುದು ಹೆಚ್ಚಾಗಿ ಹೇಗೆ ಎಂದು ನಿಮಗೇ ಗೊತ್ತು. ಪಾಚಿ ಕಟ್ಟಿದ ಅಂಗಳ, ಚಿರೆಕಲ್ಲಿನ ಮೆಟ್ಟಿಲು, ತೋಟದ ಸಂಕ, ಬಚ್ಚಲು. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಬೈಕ್ ಜಾರಿದರೆ ಮಂಡಿಯೇ ಮೊದಲು ರಸ್ತೆಗೆ ಬಡಿಯುತ್ತದೆ. ಬೋಟಿನ ಒದ್ದೆ ಡೆಕ್ ಮೇಲೆ ಬೀಳುವವರೂ ಇದ್ದಾರೆ. ಇನ್ನೊಂದು ಬಗೆ ಇದೆ, ಅದನ್ನು ಯಾರೂ ಬೇಗ ನಂಬುವುದಿಲ್ಲ. ಬೀಳುವುದನ್ನು ತಪ್ಪಿಸಿಕೊಳ್ಳಲು ಹೋಗಿ ತೊಡೆಯ ಸ್ನಾಯು ಒಮ್ಮೆಲೇ ಬಿಗಿದು ಎಳೆದಾಗಲೂ ಚಿಪ್ಪು ಅಡ್ಡಕ್ಕೆ ಸೀಳಬಹುದು. ನೆಲಕ್ಕೆ ಬಡಿಯಲೇ ಇಲ್ಲ, ಆದರೂ ಮುರಿಯಿತು ಎಂದು ಕೆಲವರು ಹೇಳುವುದು ಸುಳ್ಳಲ್ಲ.

ಮಂಡಿ ಬೇಗ ಊದುತ್ತದೆ, ಒಳಗೆ ರಕ್ತ ತುಂಬಿಕೊಳ್ಳುತ್ತದೆ. ಅಡ್ಡಕ್ಕೆ ಒಡೆದು ದೂರ ಸರಿದಿದ್ದರೆ ಮುಟ್ಟಿದಾಗ ನಡುವೆ ಹಳ್ಳ ಸಿಗುತ್ತದೆ, ಮೇಲಿನ ತುಂಡನ್ನು ತೊಡೆಯ ಸ್ನಾಯು ಮೇಲಕ್ಕೆ ಎಳೆದುಕೊಂಡಿರುತ್ತದೆ. ಮುಖ್ಯ ಗುರುತು ಬೇರೆಯೇ: ಮಲಗಿದಲ್ಲೇ ಮಂಡಿ ನೆಟ್ಟಗೆ ಇಟ್ಟುಕೊಂಡು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಲು ಆಗುವುದಿಲ್ಲ. "ತಮಾ, ಮನಸ್ಸು ಎತ್ತು ಹೇಳ್ತು, ಕಾಲು ಕೇಳ್ತಿಲ್ಲೆ" ಎಂದು ಒಬ್ಬ ಹಿರಿಯರು ಹೇಳಿದ್ದರು. ಈ ಗಾಯವನ್ನು ಇದಕ್ಕಿಂತ ಸರಿಯಾಗಿ ಹೇಳುವುದು ಕಷ್ಟ. ಹಾಗೆಂದು ಕಾಲು ಎತ್ತಲು ಬಂದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಚಿಪ್ಪಿನ ಅಕ್ಕಪಕ್ಕದ ಪದರ ಹರಿಯದಿದ್ದರೆ ಒಡೆದ ಚಿಪ್ಪಿನಲ್ಲೂ ಕಾಲು ಎತ್ತಬಹುದು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಕಾಲನ್ನು ನೆಟ್ಟಗೆ ಇಡಿ. ತೊಡೆಯಿಂದ ಪಾದದ ಗಂಟಿನವರೆಗೆ ಹಿಂಬದಿಗೆ ಒಂದು ಅಡಿಕೆ ದಬ್ಬೆ ಅಥವಾ ಹಲಗೆ ಕೊಡಿ, ನಡುವೆ ಮೆತ್ತಗೆ ಬಟ್ಟೆ ಹಾಕಿ, ಪಂಚೆಯಲ್ಲಿ ಸಡಿಲವಾಗಿ ಕಟ್ಟಿ. ಗಂಟು ಚಿಪ್ಪಿನ ಮೇಲೆ ಬೀಳಬಾರದು. ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ ಇಡಬಹುದು. ಊಟ, ಚಹಾ ಕೊಡಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಡಯಾಬಿಟಿಸ್ ಇದ್ದವರಿಗೆ ಸಕ್ಕರೆ ಇಳಿದ ಲಕ್ಷಣ ಕಂಡರೆ ಮಾತ್ರ ಸಕ್ಕರೆ ನೀರು ಕೊಡಿ, ಕೊಟ್ಟದ್ದನ್ನು ಡಾಕ್ಟರಿಗೆ ಹೇಳಿ.

ಎಣ್ಣೆ ಹಾಕಿ ತಿಕ್ಕಿಸುವುದು, ಎಳೆದು ಕೂರಿಸುವುದು ಬೇಡವೇ ಬೇಡ. ನಾಟಿ ವೈದ್ಯರ ಮೇಲೆ ನನಗೆ ಅಗೌರವ ಇಲ್ಲ, ಈ ಜಿಲ್ಲೆಯಲ್ಲಿ ಬೆಳೆದ ಯಾರಿಗೂ ಇರುವುದಿಲ್ಲ. ಆದರೆ ದೂರ ಸರಿದ ಚಿಪ್ಪಿನ ತುಂಡನ್ನು ತೊಡೆಯ ಸ್ನಾಯು ಸದಾ ಎಳೆಯುತ್ತಲೇ ಇರುತ್ತದೆ. ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಅದು ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಕಟ್ಟು ಕಟ್ಟಿಸಿಕೊಂಡು ಆಮೇಲೆ ಬಂದರೆ ಸ್ನಾಯು ಗಿಡ್ಡವಾಗಿರುತ್ತದೆ. ಆಗ ಸರ್ಜನ್ನಿಗೂ ಕಷ್ಟ, ನಿಮಗೂ ಕಷ್ಟ.

ಹಂತ 2: ಎಷ್ಟು ಅರ್ಜೆಂಟ್, ಎಲ್ಲಿಗೆ ಹೋಗುವುದು

ಇದು ನಮ್ಮ ಜಿಲ್ಲೆಯವರು ಸರಿಯಾಗಿ ತಿಳಿದುಕೊಳ್ಳಬೇಕಾದ ವಿಷಯ. ಚರ್ಮ ಹರಿಯದೆ ಒಳಗೇ ಒಡೆದ ಚಿಪ್ಪಿಗೆ ಮಧ್ಯರಾತ್ರಿ ಆಪರೇಷನ್ ಬೇಕಿಲ್ಲ. ಕಾಲನ್ನು ನೆಟ್ಟಗೆ ಕಟ್ಟಿಟ್ಟುಕೊಂಡು ಕೆಲವು ದಿನ ಕಾಯಬಹುದು. ಊತ ಇಳಿದು ಚರ್ಮ ಸುಸ್ಥಿತಿಗೆ ಬರಲಿ ಎಂದು ಡಾಕ್ಟರೇ ಕಾಯಿಸುವುದೂ ಇದೆ. ಧೋ ಎಂದು ಮಳೆ ಸುರಿಯುವ ರಾತ್ರಿ, ಕತ್ತಲಲ್ಲಿ ಘಟ್ಟ ಹತ್ತಿಸಿ ಹುಬ್ಬಳ್ಳಿಗೋ, ಘಟ್ಟ ಇಳಿಸಿ ಮಣಿಪಾಲಕ್ಕೋ ಓಡಿಸುವುದೇ ಕೆಲವೊಮ್ಮೆ ಗಾಯಕ್ಕಿಂತ ಹೆಚ್ಚಿನ ಅಪಾಯ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ, ದಬ್ಬೆ ಕಟ್ಟಿಸಿ, ನೋವಿಗೆ ಔಷಧ ತಗೊಂಡು, ಬೆಳಗಾದ ಮೇಲೆ ಹೊರಟರೂ ಆಗುತ್ತದೆ.

ಕಾಯಬಾರದ ಸಂದರ್ಭ ಬೇರೆ. ಚಿಪ್ಪಿನ ಮೇಲೆ ಚರ್ಮ ಹರಿದು ಗಾಯ ಒಳಗಿನವರೆಗೆ ಹೋಗಿದ್ದರೆ, ಪಾದ ತಣ್ಣಗಾಗಿದ್ದರೆ, ಬೆರಳು ಮರಗಟ್ಟಿದ್ದರೆ, ಸೊಂಟ ಅಥವಾ ತೊಡೆಯ ಎಲುಬಿಗೂ ಪೆಟ್ಟಾಗಿದೆ ಅನಿಸಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹರಿದ ಗಾಯಕ್ಕೆ ತೋಟದ ಮಣ್ಣು, ಗೊಬ್ಬರ ಸೇರಿದರೆ ಕೀಲಿನೊಳಗೆ ಕೀವಾಗಬಹುದು. ಅಂಥವರಿಗೆ ಬೇಗ ಆಂಟಿಬಯಾಟಿಕ್, ಟಿಟಿ ಇಂಜೆಕ್ಷನ್ ಕೊಟ್ಟು ಆಪರೇಷನ್ ಥಿಯೇಟರಿನಲ್ಲಿ ತೊಳೆಯಲೇಬೇಕು.

ಕಾರವಾರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ನಾವೆಲ್ಲ ಕ್ರಿಮ್ಸ್ ಎನ್ನುವುದು ಅದಕ್ಕೇ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಬೀದಿಗಿಳಿದಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಸಾದಾ ಮಂಡಿಚಿಪ್ಪಿಗೆ ಸೂಪರ್ ಸ್ಪೆಷಾಲಿಟಿ ಬೇಕಾಗುವುದಿಲ್ಲ. ಆರ್ಥೋ ಸರ್ಜನ್, ಅರಿವಳಿಕೆ ಡಾಕ್ಟರ್, ಆಪರೇಷನ್ ನಡುವೆಯೇ ಎಕ್ಸ್‌ರೇ ಚಿತ್ರ ತೋರಿಸುವ ಸಿ-ಆರ್ಮ್ ಯಂತ್ರ, ಶುಚಿಯಾದ ಥಿಯೇಟರ್ ಇದ್ದರೆ ಸಾಕು. ಬಹಳ ಚೂರಾದ ಚಿಪ್ಪಿಗೆ ಮಾತ್ರ ಅದನ್ನು ಆಗಾಗ ಮಾಡುವ ಕೈ ಬೇಕು.

ದುಡ್ಡಿನ ವಿಷಯವನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆಯೇ ನೋಡಿ. ತಂತಿ, ಸ್ಕ್ರೂಗಳ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಬೈಕ್ ಅಪಘಾತವಾಗಿದ್ದರೆ ಅದನ್ನು ಆಸ್ಪತ್ರೆಯ ದಾಖಲೆಯಲ್ಲಿ ಹಾಗೇ ಬರೆಸಿ, ಮುಂದೆ ವಿಮೆಗೆ ಅದೇ ಆಧಾರ.

ಹಂತ 3: ಆಪರೇಷನ್ ಬೇಕೋ ಬೇಡವೋ

ಎಲ್ಲ ಒಡೆದ ಚಿಪ್ಪಿಗೂ ಆಪರೇಷನ್ ಬೇಡ. ತುಂಡುಗಳ ನಡುವಿನ ಅಂತರ 2–3 ಮಿಲಿಮೀಟರಿಗಿಂತ ಕಡಿಮೆ ಇದ್ದು, ಒಳಮೈ ಏರುಪೇರಾಗದೆ, ಕಾಲನ್ನು ನೆಟ್ಟಗೆ ಎತ್ತಲು ಬಂದರೆ 4ರಿಂದ 6 ವಾರ ಬ್ರೇಸ್ (ಮಂಡಿ ಅಲ್ಲಾಡದಂತೆ ಕಾಲಿಗೆ ಕಟ್ಟುವ ಪಟ್ಟಿ) ಅಥವಾ ಪ್ಲಾಸ್ಟರಿನಲ್ಲಿ ವಾಸಿಯಾಗುತ್ತದೆ. ಉದ್ದಕ್ಕೆ ಸೀಳಿದ ಚಿಪ್ಪುಗಳು ಬಹಳ ಸಲ ಹೀಗೇ ಗುಣವಾಗುತ್ತವೆ, ಏಕೆಂದರೆ ಸ್ನಾಯುವಿನ ಎಳೆತ ಅವನ್ನು ಬೇರೆ ಮಾಡುವುದಿಲ್ಲ. ಅಡ್ಡಕ್ಕೆ ಒಡೆದು ಅಂತರ ಬಿಟ್ಟದ್ದು, ಒಳಮೈಯಲ್ಲಿ 2 ಮಿಲಿಮೀಟರಿಗಿಂತ ಜಾಸ್ತಿ ಮೆಟ್ಟಿಲಾದದ್ದು, ಕಾಲು ಎತ್ತಲು ಬಾರದ್ದು, ಚರ್ಮ ಹರಿದದ್ದು ಆಪರೇಷನ್ನಿಗೆ ಹೋಗುತ್ತವೆ.

ಎಕ್ಸ್‌ರೇ ಮುಂದಿನಿಂದ ಮತ್ತು ಪಕ್ಕದಿಂದ ತೆಗೆಯುತ್ತಾರೆ. ಪಕ್ಕದ್ದೇ ಹೆಚ್ಚು ಹೇಳುತ್ತದೆ. ಚೂರುಗಳು ಜಾಸ್ತಿ ಇದ್ದರೆ ಸಿಟಿ ಸ್ಕ್ಯಾನ್ ಕೇಳಬಹುದು. ಕೆಲವರಿಗೆ ಬೆಳೆಯುವಾಗಲೇ ಚಿಪ್ಪು ಒಂದಾಗಿ ಕೂಡದೆ ಎರಡು ತುಂಡಾಗಿ ಉಳಿದಿರುತ್ತದೆ, ಸಾಮಾನ್ಯವಾಗಿ ಹೊರಬದಿಯ ಮೇಲ್ಮೂಲೆಯಲ್ಲಿ. ಅದರ ಅಂಚು ನುಣುಪಾಗಿರುತ್ತದೆ, ಎಷ್ಟೋ ಸಲ ಇನ್ನೊಂದು ಮಂಡಿಯಲ್ಲೂ ಹಾಗೇ ಇರುತ್ತದೆ. ಅದು ಮುರಿತ ಅಲ್ಲ. ಅನುಮಾನ ಬಂದರೆ ಎರಡೂ ಮಂಡಿಯ ಎಕ್ಸ್‌ರೇ ತೆಗೆಸುತ್ತಾರೆ.

ಹಂತ 4: ಆಪರೇಷನ್ನಿಗೆ ತಯಾರಿ

ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಕೊಡಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮರೆಯದೆ ಹೇಳಿ. ಅದನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಗುವುದಿಲ್ಲ, ಮೊದಲು ಅದನ್ನು ಸರಿ ಮಾಡುತ್ತಾರೆ. ಬೀಡಿ, ಸಿಗರೇಟು ಆ ದಿನದಿಂದಲೇ ಬಿಡಿ. ಎಲುಬು ಕೂಡುವುದನ್ನು ಅದು ನಿಜಕ್ಕೂ ತಡ ಮಾಡುತ್ತದೆ. ಗಟ್ಟಿ ಆಹಾರ 6 ತಾಸು ಮೊದಲು ನಿಲ್ಲಿಸಬೇಕು, ನೀರಿನ ಲೆಕ್ಕ ಅರಿವಳಿಕೆ ಡಾಕ್ಟರ್ ಹೇಳುತ್ತಾರೆ. ಮಂಡಿಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಬರಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದಲೇ ಸೋಂಕು ಹತ್ತುತ್ತದೆ.

ಹಂತ 5: ಥಿಯೇಟರಿನೊಳಗೆ ಏನು ನಡೆಯುತ್ತದೆ

ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ಇದು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ. ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಚರ್ಮ ಕೊಯ್ಯುವ ಮೊದಲಿನ ಒಂದು ತಾಸಿನೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಹೋಗಿರುತ್ತದೆ. ರಕ್ತ ಸುರಿಯದಂತೆ ತೊಡೆಗೆ ಟೂರ್ನಿಕೆ ಪಟ್ಟಿ ಬಿಗಿಯುತ್ತಾರೆ.

ಮಂಡಿಯ ನಡುವೆ ಉದ್ದಕ್ಕೆ ಒಂದು ಕೊಯ್ತ. ಹೆಪ್ಪುಗಟ್ಟಿದ ರಕ್ತವನ್ನು, ಎಲುಬಿನ ಸಣ್ಣ ಪುಡಿಯನ್ನು ತೊಳೆದು ತೆಗೆಯುತ್ತಾರೆ. ಆಮೇಲೆ ಎರಡು ತುಂಡುಗಳನ್ನು ಹತ್ತಿರ ತಂದು ಚೂಪು ಮೊನೆಯ ಇಕ್ಕಳದಲ್ಲಿ ಹಿಡಿಯುತ್ತಾರೆ. ಇಡೀ ಆಪರೇಷನ್ನಿನಲ್ಲಿ ನನಗೆ ಮುಖ್ಯ ಅನಿಸುವ ಗಳಿಗೆ ಇದು. ಮುಂದಿನಿಂದ ನೋಡಿದರೆ ಕೂಡಿದಂತೆ ಕಾಣುತ್ತದೆ, ಆದರೆ ಕೀಲಿನಲ್ಲಿ ಜಾರುವ ಒಳಮೈ ಇರುವುದು ಹಿಂದೆ. ಹರಿದ ಪಕ್ಕದ ಪದರದ ಸಂದಿಯಿಂದ ಸರ್ಜನ್ ಬೆರಳು ತೂರಿಸಿ ಚಿಪ್ಪಿನ ಹಿಂಬದಿಯನ್ನು ಸವರಿ ನೋಡುತ್ತಾರೆ. ಬೆರಳಿಗೆ ಮೆಟ್ಟಿಲು ತಾಗಿದರೆ ಇಕ್ಕಳ ಬಿಚ್ಚಿ ಮತ್ತೆ ಕೂರಿಸುತ್ತಾರೆ. ಇಲ್ಲಿ ಬಿಟ್ಟ ಒಂದೆರಡು ಮಿಲಿಮೀಟರ್ ಮುಂದೆ ಮಂಡಿ ಸವೆತವಾಗಿ ಕಾಡುತ್ತದೆ.

ಅಡ್ಡಕ್ಕೆ ಎರಡಾದ ಚಿಪ್ಪಿಗೆ ಬಹಳ ಕಡೆ ಮಾಡುವುದು ಟೆನ್ಷನ್ ಬ್ಯಾಂಡ್ ವೈರಿಂಗ್. 1.6ರಿಂದ 2 ಮಿಲಿಮೀಟರ್ ದಪ್ಪದ ಎರಡು ಕೆ-ವೈರ್‌ಗಳನ್ನು (ನೆಟ್ಟಗಿನ ಚೂಪು ಸ್ಟೀಲ್ ಕಡ್ಡಿ) ಮೇಲಿಂದ ಕೆಳಗೆ ಸಮಾನಾಂತರವಾಗಿ ಹಾಯಿಸುತ್ತಾರೆ. ಅವುಗಳ ತುದಿಗಳ ಹಿಂದಿನಿಂದ 18 ಗೇಜಿನ ಸ್ಟೀಲ್ ತಂತಿಯನ್ನು ತಂದು ಚಿಪ್ಪಿನ ಮುಂದೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ತಿರುಚುತ್ತಾರೆ. ತಿರುಚುತ್ತ ಹೋದಂತೆ ಎಲುಬಿನ ಗೆರೆ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ. ಇದರ ಹಿಂದಿನ ಯೋಚನೆ ಚೆಂದದ್ದು. ಮಂಡಿ ಮಡಚಿದಾಗ ಚಿಪ್ಪಿನ ಮುಂಬದಿ ಬಾಯಿ ಬಿಡಲು ನೋಡುತ್ತದೆ, ಮುಂದಿರುವ ತಂತಿ ಅದಕ್ಕೆ ಬಿಡುವುದಿಲ್ಲ. ಆಗ ಅದೇ ಬಲ ಹಿಂಬದಿಯ ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ. ಅಂದರೆ ಹದವಾಗಿ ಮಡಚಿದರೆ ಜೋಡಣೆ ಇನ್ನಷ್ಟು ಒತ್ತಿ ಕೂರುತ್ತದೆ. ಮಡಚಿದರೆ ಬಿಚ್ಚಿಹೋಗುತ್ತದೆ ಎಂದು ಹೆದರುವವರಿಗೆ ನಾನು ಇದನ್ನೇ ಕಾಗದದಲ್ಲಿ ಚಿತ್ರ ಬರೆದು ತೋರಿಸುವುದು.

ತಂತಿ ಹಾಕಿ ಚಿಪ್ಪು ಜೋಡಿಸುವುದು ಹೊಸತಲ್ಲ. 1877ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಲಿಸ್ಟರ್ ಕ್ರಿಮಿನಾಶಕ ಬಳಸಿ, ಬೆಳ್ಳಿ ತಂತಿಯಿಂದ ಇದನ್ನು ಮಾಡಿದ್ದರು. ಕೀಲು ತೆರೆದರೆ ಕೀವಾಗಿ ಜೀವವೇ ಹೋಗುತ್ತಿದ್ದ ಕಾಲ ಅದು. ಈಗ ಕೆ-ವೈರ್ ಬದಲು ಟೊಳ್ಳು ಸ್ಕ್ರೂ ಹಾಕಿ ಅದರೊಳಗಿಂದ ತಂತಿ ಹಾಯಿಸುವುದಿದೆ. ಚೂರುಚೂರಾದವರಿಗೆ ಸಣ್ಣ ಪ್ಲೇಟ್ ಇದೆ. ಕೆಳತುದಿ ಪುಡಿಯಾಗಿ ಜೋಡಿಸಲು ಬಾರದಿದ್ದರೆ ಆ ಭಾಗ ಮಾತ್ರ ತೆಗೆದು, ಪಟ್ಟಿಯನ್ನು ಉಳಿದ ಚಿಪ್ಪಿಗೆ ಗಟ್ಟಿ ದಾರದಲ್ಲಿ ಹೊಲಿಯುತ್ತಾರೆ. ಕೊನೆಗೆ ಪಕ್ಕದ ಹರಿದ ಪದರಗಳನ್ನೂ ಹೊಲಿಯಬೇಕು. ಸಿ-ಆರ್ಮ್‌ನಲ್ಲಿ ಚಿತ್ರ ನೋಡಿ, ಟೇಬಲ್ ಮೇಲೆಯೇ ಮಂಡಿಯನ್ನು ಮೆಲ್ಲಗೆ ಮಡಚಿ ಜೋಡಣೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಆಪರೇಷನ್ ಮುಗಿದ ಮೇಲೆ ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿ: "ಟೇಬಲ್ ಮೇಲೆ ಎಷ್ಟು ಡಿಗ್ರಿವರೆಗೆ ಮಡಚಿ ನೋಡಿದಿರಿ? ಮನೆಯಲ್ಲಿ ಯಾವಾಗಿನಿಂದ, ಎಷ್ಟು ಮಡಚಬಹುದು?" ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಊರಿನ ಫಿಸಿಯೋಥೆರಪಿಸ್ಟಿಗೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ.

ಹಂತ 6: ಮೊದಲ ಎರಡು ವಾರ

ಕಾಲಿಗೆ ಉದ್ದನೆಯ ಬ್ರೇಸ್ ಇರುತ್ತದೆ, ನೆಟ್ಟಗೆ ಲಾಕ್ ಆಗಿರುತ್ತದೆ. ಡಾಕ್ಟರ್ ಒಪ್ಪಿದರೆ ಮಾರನೇ ದಿನವೇ ವಾಕರ್ ಹಿಡಿದು, ಬ್ರೇಸ್ ಹಾಕಿಕೊಂಡು ಕಾಲಿಗೆ ಭಾರ ಕೊಡಬಹುದು. ನೆಟ್ಟಗಿರುವ ಕಾಲಿನ ಮೇಲೆ ನಿಂತರೆ ಚಿಪ್ಪಿಗೆ ಹೆಚ್ಚು ಎಳೆತ ಬೀಳುವುದಿಲ್ಲ. ಬ್ರೇಸ್ ಇಲ್ಲದೆ ಬಚ್ಚಲಿಗೆ ಹೋಗಿ ಕಾಲು ಸೋತು ಕುಸಿದರೆ ತಂತಿಯೇ ಬಿಡುವ ಅಪಾಯ ಇದೆ.

ಮಲಗಿದಾಗ ದಿಂಬನ್ನು ಮಂಡಿಯ ಕೆಳಗೆ ಇಡಬೇಡಿ. ಹಾಯೆನಿಸುತ್ತದೆ, ನಿಜ. ಆದರೆ ಮಂಡಿ ಅರೆ ಮಡಚಿದಲ್ಲೇ ಸೆಟೆದು, ಆಮೇಲೆ ನೆಟ್ಟಗಾಗುವುದಿಲ್ಲ. ದಿಂಬು ಹಿಮ್ಮಡಿಯ ಕೆಳಗೆ ಇರಲಿ.

ಈಗ ಮಾಡಲೇಬೇಕಾದ ವ್ಯಾಯಾಮ ಒಂದಿದೆ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ. ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತುವಂತೆ ತೊಡೆಯನ್ನು ಬಿಗಿ ಮಾಡಿ, ಐದು ಎಣಿಸಿ, ಬಿಡಿ. ಒಂದು ಕೈಯನ್ನು ತೊಡೆಯ ಕೆಳಭಾಗದ ಒಳಬದಿಗೆ ಇಟ್ಟುಕೊಳ್ಳಿ. ಅಲ್ಲಿ ಸ್ನಾಯು ಬೆರಳಿನಡಿ ಉಬ್ಬಬೇಕು. ಮೊದಲೆರಡು ದಿನ ಏನೂ ಆಗುವುದಿಲ್ಲ, ಆ ಸ್ನಾಯು ಇದೆಯೋ ಇಲ್ಲವೋ ಅನಿಸುತ್ತದೆ. ಊತ ಇದ್ದಾಗ ಅದು ಹಾಗೇ ಮಲಗಿಬಿಡುತ್ತದೆ. ಬಿಡದೆ ಮಾಡಿ. ಮೊದಲು ಒಂದು ಸಣ್ಣ ನಡುಕ ಸಿಗುತ್ತದೆ, ಆಮೇಲೆ ಹಿಡಿತ ಸಿಗುತ್ತದೆ. ಎಚ್ಚರ ಇರುವಾಗ ತಾಸಿಗೊಮ್ಮೆ ಹತ್ತು ಸಲ ಮಾಡಿದರೆ ಒಳ್ಳೆಯದು. ಇದರ ಜೊತೆಗೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಕಾಲನ್ನು ನೆಟ್ಟಗೆ ಎತ್ತುವ ವ್ಯಾಯಾಮಕ್ಕೆ ಮಾತ್ರ ಡಾಕ್ಟರ ಒಪ್ಪಿಗೆ ಬೇಕು. ಕೆಳತುದಿ ಹೊಲಿದವರಿಗೆ ಅದನ್ನು ತಡವಾಗಿ ಶುರು ಮಾಡಿಸುತ್ತಾರೆ.

ಹೊಲಿಗೆ ಬಿಚ್ಚುವುದು 12–14 ದಿನಕ್ಕೆ. ಅಲ್ಲಿಯವರೆಗೆ ಗಾಯ ಒದ್ದೆಯಾಗಬಾರದು. ಮಳೆಗಾಲದಲ್ಲಿ ಬ್ರೇಸ್ ಒಳಗೆ ಬೆವರಿ ಚರ್ಮ ಕೆಡುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬ್ರೇಸ್ ಒಳಗೆ ಹಾಕಲು ತೆಳು ಹತ್ತಿ ಬಟ್ಟೆ ಎರಡು ಮೂರು ಜೊತೆ ಇಟ್ಟುಕೊಳ್ಳಿ. ಅರ್ಧ ಒಣಗಿದ್ದನ್ನು ಹಾಕಬೇಡಿ.

ಮನೆಯನ್ನೂ ಸ್ವಲ್ಪ ಬದಲಿಸಬೇಕು. ಮಾಳಿಗೆಯ ಕೋಣೆ ಬಿಟ್ಟು ಕೆಳಗೆ ಮಂಚ ಹಾಕಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸಿಗೆ ಕಮೋಡ್ ಕುರ್ಚಿ ಬೇಕೇ ಬೇಕು. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಇಡಿ. ಹಳೇ ಮನೆಗಳ ಎತ್ತರದ ಹೊಸ್ತಿಲು ವಾಕರಿಗೆ ದೊಡ್ಡ ತೊಡಕು, ಅಲ್ಲಿ ಯಾರಾದರೂ ಪಕ್ಕದಲ್ಲಿರಲಿ. ಜಗಲಿಯ ಮೆಟ್ಟಿಲಿಗೆ ಒಂದು ನಿಯಮ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಊಟದಲ್ಲಿ ಪಥ್ಯ ಎಂದು ಮೊಸರು, ಮೊಟ್ಟೆ, ಮೀನು ಬಿಡಿಸುವವರಿದ್ದಾರೆ. ದಯವಿಟ್ಟು ಬಿಡಿಸಬೇಡಿ. ಗಾಯ ಮಾಗಲು ಪ್ರೋಟೀನ್ ಬೇಕು, ಎಲುಬಿಗೆ ಕ್ಯಾಲ್ಸಿಯಂ ಬೇಕು. ಮೀನು ತಿನ್ನುವವರು ತಾರ್ಲೆ, ಬಂಗುಡೆ ತಿನ್ನಲಿ. ತಿನ್ನದವರಿಗೆ ಹುರುಳಿ, ಹೆಸರುಕಾಳು, ರಾಗಿ, ಹಾಲು, ಮೊಸರು ಇದೆಯಲ್ಲ. ಬರೀ ಗಂಜಿ ಉಪ್ಪಿನಕಾಯಲ್ಲಿ ಎಲುಬು ಕೂಡಿಸುವುದು ಕಷ್ಟ.

ಹಂತ 7: ಎರಡರಿಂದ ಆರು ವಾರ, ಮಡಚುವ ಕಾಲ

ಜೋಡಣೆ ಗಟ್ಟಿಯಾಗಿದ್ದರೆ ಮೊದಲ ಎರಡು ವಾರದಲ್ಲೇ 30 ಡಿಗ್ರಿವರೆಗೆ ಮಡಚಲು ಬಿಡುತ್ತಾರೆ. ಅಲ್ಲಿಂದ ಮೆಲ್ಲಗೆ ಏರಿಸುತ್ತ ಆರನೇ ವಾರದ ಹೊತ್ತಿಗೆ 90 ಡಿಗ್ರಿ ಮುಟ್ಟುವುದು ಸಾಮಾನ್ಯ ಗುರಿ. ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಸರಿಯಾಗಿ ಊರುವಷ್ಟು ಮಡಚಿದರೆ ಅದೇ 90.

ಮಾಡುವ ಬಗೆ ಹೀಗೆ. ಬ್ರೇಸ್ ಬಿಚ್ಚಿ, ಹಾಸಿಗೆಯ ಮೇಲೆ ಕಾಲು ಚಾಚಿ ಕೂರಿ. ಹಿಮ್ಮಡಿಯ ಕೆಳಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಕಿದರೆ ಸಲೀಸಾಗಿ ಜಾರುತ್ತದೆ. ಪಾದಕ್ಕೆ ಟವೆಲ್ ಸಿಕ್ಕಿಸಿ, ಎರಡೂ ತುದಿ ಕೈಯಲ್ಲಿ ಹಿಡಿದು ಹಿಮ್ಮಡಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಬಿಗಿತ ಶುರುವಾದಲ್ಲಿ ನಿಲ್ಲಿ, ಹತ್ತು ಎಣಿಸಿ, ಮತ್ತೆ ಚಾಚಿ. ಎಳೆದಂತೆ ಆಗುವ ನೋವು ಸಹಜ. ಚುಚ್ಚುವ ನೋವು, ರಾತ್ರಿಯಿಡೀ ಉಳಿಯುವ ನೋವು ಜಾಸ್ತಿಯಾಯಿತು ಎಂಬುದರ ಗುರುತು. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಮಾಡುವುದು ಒಮ್ಮೆಲೇ ಒಂದು ತಾಸು ಗುದ್ದಾಡುವುದಕ್ಕಿಂತ ಎಷ್ಟೋ ಮೇಲು. ಬೇರೆಯವರು ಬಲವಂತವಾಗಿ ಮಂಡಿ ಒತ್ತಿ ಮಡಚುವುದು ಬೇಡ, ನನ್ನಂಥವರು ಮಾಡಿದರೂ ತಡೆಯಿರಿ. ನೋವಿಗೆ ಹೆದರಿ ಸ್ನಾಯು ಬಿಗಿದಾಗ ಚಿಪ್ಪಿನ ಮೇಲೆ ಎಳೆತ ಬೀಳುತ್ತದೆ.

ಸಾಮಾನ್ಯವಾಗಿ ಎರಡನೇ ವಾರ, ಆರನೇ ವಾರ, ಹನ್ನೆರಡನೇ ವಾರ ಎಕ್ಸ್‌ರೇ ಇರುತ್ತದೆ. ಕಾಲು ಚೆನ್ನಾಗಿದೆ ಎಂದು ತಪ್ಪಿಸಬೇಡಿ. ತಂತಿ ಸರಿದದ್ದು ಹೊರಗೆ ಕಾಣುವುದಿಲ್ಲ.

ಯಾವಾಗ ಓಡಬೇಕು

ಗಾಯದಿಂದ ಕೀವು ಅಥವಾ ನೀರು ಸೋರುವುದು, ಜ್ವರ, ಮಂಡಿ ಬಿಸಿಯಾಗಿ ಕೆಂಪಾಗುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಟಕ್ ಎಂದು ಸದ್ದಾಗಿ, ನಿನ್ನೆಯವರೆಗೆ ಎತ್ತುತ್ತಿದ್ದ ಕಾಲು ಇವತ್ತು ಎತ್ತಲು ಬಾರದಿರುವುದು. ಇವುಗಳಲ್ಲಿ ಒಂದಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಒಮ್ಮೆಲೇ ಉಸಿರು ಕಟ್ಟಿ ಎದೆ ನೋವು ಬಂದರೆ 108. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಕಾಯುವ ಮಾತೇ ಇಲ್ಲ.

ಗಾಯದ ಹೊರಪಕ್ಕದಲ್ಲಿ ಒಂದು ಅಂಗೈ ಅಗಲ ಸ್ಪರ್ಶ ಗೊತ್ತಾಗದಿದ್ದರೆ ಗಾಬರಿ ಬೇಡ. ಚರ್ಮದ ಒಂದು ಸಣ್ಣ ನರ ಕೊಯ್ತದಲ್ಲಿ ಸಿಕ್ಕಿರುತ್ತದೆ. ನಡೆಯಲು ಅದರಿಂದ ತೊಂದರೆ ಇಲ್ಲ.

ಹಂತ 8: ಆರು ವಾರದಿಂದ ಆರು ತಿಂಗಳು

ಎಕ್ಸ್‌ರೇಯಲ್ಲಿ ಕೂಡುತ್ತಿರುವುದು ಕಂಡರೆ ಬ್ರೇಸಿನ ಲಾಕ್ ತೆಗೆಯುತ್ತಾರೆ, ವಾಕರಿನಿಂದ ಕೋಲಿಗೆ ಬರುತ್ತೀರಿ. ಕೋಲು ಹಿಡಿಯುವುದು ಗಟ್ಟಿ ಕಾಲಿನ ಕಡೆಯ ಕೈಯಲ್ಲಿ. ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪವೇ ಕುಸಿದು ಏಳುವುದು, ಒಂದು ಗಿಡ್ಡ ಮೆಟ್ಟಿಲನ್ನು ಹತ್ತಿ ಇಳಿಯುವುದು ಈ ಕಾಲದ ವ್ಯಾಯಾಮ. ಮಂಡಿ 110 ಡಿಗ್ರಿ ದಾಟಿದರೆ ಸೀಟು ಎತ್ತರಿಸಿ ಸೈಕಲ್ ತುಳಿಯಬಹುದು. ಎರಡು ತೊಡೆಗೂ ಟೇಪು ಸುತ್ತಿ ಅಳತೆ ನೋಡಿ. ಪೆಟ್ಟಾದ ತೊಡೆ ಸಣ್ಣಗಾಗಿರುವುದನ್ನು ನೋಡಿದರೆ ವ್ಯಾಯಾಮಕ್ಕೆ ತಾನಾಗಿಯೇ ಮನಸ್ಸು ಬರುತ್ತದೆ.

ಆರರಿಂದ ಎಂಟು ವಾರವಾದರೂ 90 ಡಿಗ್ರಿ ಹತ್ತಿರ ಬರದಿದ್ದರೆ "ನಿಧಾನಕ್ಕೆ ಸರಿಯಾಗುತ್ತದೆ" ಎಂದು ಕೂರಬೇಡಿ. ಡಾಕ್ಟರಿಗೆ ತೋರಿಸಿ. ಅರಿವಳಿಕೆ ಕೊಟ್ಟು ಮಡಚಿಸುವುದು, ದುರ್ಬೀನಿನಲ್ಲಿ ಅಂಟುಗಳನ್ನು ಬಿಡಿಸುವುದು ಮುಂತಾದ ದಾರಿಗಳಿವೆ. ತಡವಾದಷ್ಟೂ ಅವು ಕಷ್ಟವಾಗುತ್ತವೆ.

ಕೆಲಸಕ್ಕೆ ಮರಳುವುದು ಕೆಲಸದ ಮೇಲೆ ಹೋಗುತ್ತದೆ. ಮೇಜಿನ ಕೆಲಸಕ್ಕೆ ಆರೆಂಟು ವಾರ ಸಾಕಾಗಬಹುದು. ಬೈಕ್ ಓಡಿಸಲು ಬ್ರೇಸ್ ಹೋಗಿ, ಮಂಡಿ ಸಲೀಸಾಗಿ ಮಡಚಿ, ಒಮ್ಮೆಲೇ ಕಾಲೂರುವ ಬಲ ಬಂದಿರಬೇಕು. ಮೂರು ತಿಂಗಳ ಸುತ್ತ ಆ ಮಾತು. ಕಿಕ್ ಹೊಡೆಯುವುದು ಇನ್ನೂ ಆಮೇಲೆ. ತೋಟದ ಇಳಿಜಾರು, ಬೋಟಿನ ಕೆಲಸ, ಹೊರೆ ಹೊರುವುದಕ್ಕೆ ಆರು ತಿಂಗಳು ಇಟ್ಟುಕೊಳ್ಳಿ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವರು ಎಲುಬು ಪೂರ್ತಿ ಕೂಡಿದೆ, ಎರಡೂ ತೊಡೆಯ ಬಲ ಸಮಕ್ಕೆ ಬಂದಿದೆ ಎಂದು ಡಾಕ್ಟರ್ ಹೇಳುವವರೆಗೆ ಹತ್ತಲೇಬಾರದು. ಸುಗ್ಗಿಯ ಕೂಲಿ ಕೈತಪ್ಪುವ ಸಂಕಟ ನನಗೆ ಗೊತ್ತು. ಆ ಸೀಸನ್ ಕೆಳಗೆ ಕೂತು ಮಾಡುವ ಕೆಲಸ ಕೊಡಿ ಎಂದು ತೋಟದ ಯಜಮಾನರಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಆಗಲೂ ಅಡಿಕೆ ಸುಲಿಯಲು ನೆಲದ ಬದಲು ಸ್ಟೂಲ್ ಇರಲಿ.

ಚಕ್ಕಳಬಕ್ಕಳ ಹಾಕಿ ಪಂಕ್ತಿಯಲ್ಲಿ ಕೂರುವುದು ನಾಲ್ಕರಿಂದ ಆರು ತಿಂಗಳಿನ ಮೇಲೆ ಹಲವರಿಗೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಕಷ್ಟಪಟ್ಟು ಕೂರುವ ಬದಲು ಟೇಬಲ್ ಊಟಕ್ಕೆ ಹೋಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಂಡಿಯೂರುವುದು ಎಲ್ಲಕ್ಕಿಂತ ಕೊನೆಗೆ. ದೇವರೆದುರು ಉದ್ದಂಡ ನಮಸ್ಕಾರ, ನಮಾಜ್, ಇಗರ್ಜಿಯ ಪ್ರಾರ್ಥನೆ ಎಲ್ಲದರಲ್ಲೂ ಚಿಪ್ಪಿನ ಮೇಲೆ ನೇರ ಭಾರ ಬೀಳುತ್ತದೆ. ಅಲ್ಲಿಯವರೆಗೆ ಕುರ್ಚಿ ಬಳಸಿ.

ಹಂತ 9: ಒಳಗಿನ ತಂತಿ

ಚಿಪ್ಪಿನ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ, ಹಾಗಾಗಿ ತಂತಿಯ ತುದಿ ಒತ್ತುವುದು ಈ ಆಪರೇಷನ್ನಿನ ಅತಿ ಸಾಮಾನ್ಯ ಕಿರಿಕಿರಿ. ಮಂಡಿಯೂರಿದಾಗ ಚುಚ್ಚುತ್ತದೆ, ತಣ್ಣನೆ ದಿನ ನೋಯುತ್ತದೆ. ತೊಂದರೆ ಇಲ್ಲದವರು ತೆಗೆಸಬೇಕೆಂದಿಲ್ಲ. ತೊಂದರೆ ಇದ್ದರೆ ಎಲುಬು ಪೂರ್ತಿ ಕೂಡಿದ ಮೇಲೆ, ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ತೆಗೆಯುತ್ತಾರೆ. ತುದಿ ಚರ್ಮವನ್ನು ತೂತು ಮಾಡುವಂತಿದ್ದರೆ ಮಾತ್ರ ಅಷ್ಟು ಕಾಯಲು ಆಗುವುದಿಲ್ಲ. ತೆಗೆಯುವುದು ಚಿಕ್ಕ ಆಪರೇಷನ್. ಹೆಚ್ಚಿನವರು ಬೇಗನೆ ನಡೆಯುತ್ತಾರೆ, ಹೊಲಿಗೆ ಮತ್ತೆ 12–14 ದಿನಕ್ಕೆ ಬಿಚ್ಚುತ್ತಾರೆ. ತಂತಿ ಇದ್ದ ತೂತುಗಳು ತುಂಬಿಕೊಳ್ಳಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಜಿಗಿಯುವುದು, ಮರ ಹತ್ತುವುದು, ಭಾರ ಎತ್ತುವುದು ಬೇಡ. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇಗಳನ್ನು ಮಳೆಗಾಲದ ತೇವಕ್ಕೆ ಸಿಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒಳಗೆ ಕೆ-ವೈರ್ ಇದೆಯೋ ಸ್ಕ್ರೂ ಇದೆಯೋ ಎಂದು ನೋಡಿಯೇ ತೆಗೆಯುವ ಸಲಕರಣೆ ತಯಾರು ಮಾಡಿಕೊಳ್ಳುವುದು.